ಸಿಡಿಲಿನ ಸೀಮೆಯಲ್ಲಿ ವಿಂಡೋಸ್ 11: ಬೋರ್ಡ್ ಸುಟ್ಟ ದಿನ ಯಾವ ಲೈಸೆನ್ಸ್ ಉಳಿಯುತ್ತದೆ?

ಶಿವಮೊಗ್ಗದಲ್ಲಿ ಅಸೆಂಬಲ್ ಮಾಡಿಸುವ ಕಂಪ್ಯೂಟರಿನ ಕೊಟೇಶನ್ ಚೀಟಿಯನ್ನು ಒಮ್ಮೆ ನೋಡಿ. ಪ್ರೊಸೆಸರ್, ಬೋರ್ಡ್ (ಮದರ್‌ಬೋರ್ಡ್), ರ‍್ಯಾಮ್, ಎಸ್‌ಎಸ್‌ಡಿ, ಕ್ಯಾಬಿನೆಟ್, ಎಸ್‌ಎಂಪಿಎಸ್, ಮಾನಿಟರ್, ಯುಪಿಎಸ್. ಒಂದೊಂದಕ್ಕೂ ಒಂದು ಸಾಲು, ಸಾಲಿಗೊಂದು ರೇಟು. ವಿಂಡೋಸ್‌ಗೆ ಮಾತ್ರ ಸಾಲೇ ಇರುವುದಿಲ್ಲ. ಕೇಳಿದರೆ ‘ಅದನ್ನ ನಾವೇ ಹಾಕ್ಕೊಡ್ತೀವಿ ಬಿಡಿ ಸಾರ್’ ಎಂಬ ಉತ್ತರ. ಅಡಿಕೆ ಮಂಡಿಯ ಲೆಕ್ಕದಿಂದ ಹಿಡಿದು ಬಂದುಹೋಗುವವರ ಆಧಾರ್ ಪ್ರತಿಯವರೆಗೆ ಎಲ್ಲವನ್ನೂ ಹೊತ್ತುಕೊಳ್ಳುವ ಸರಕಿಗೆ ಬಿಲ್ಲಿನಲ್ಲಿ ಜಾಗವೇ ಇಲ್ಲ. ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಆ ಕಾಣದ ಸಾಲನ್ನು: ವಿಂಡೋಸ್ 11ರ ಲೈಸೆನ್ಸ್, ಅದು ಆಕ್ಟಿವೇಟ್ ಆಗುವ ಬಗೆ, ಆಗುವಾಗ ನಮ್ಮಿಂದ ಅದು ಏನೇನು ಕೇಳುತ್ತದೆ ಎಂಬುದು. ಮೆನು, ಬಣ್ಣ, ವೇಗದ ಮಾತು ಬೇರೆ ಕಡೆ ಬೇಕಾದಷ್ಟು ಸಿಗುತ್ತದೆ.

ಬೆಂಗಳೂರಿನವರ ಅಳತೆಗೋಲು ಇಲ್ಲಿಗೆ ಹೊಂದುವುದಿಲ್ಲ. ಕಾರಣ ಸಿಡಿಲು. ಭರಣಿ, ಕೃತ್ತಿಕೆ ಮಳೆಯ ಹೊತ್ತಿಗೆ ಸಂಜೆ ನಾಲ್ಕರ ಮೇಲೆ ಗುಡುಗು ಶುರುವಾದರೆ ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಶೃಂಗೇರಿ ಕಡೆಯ ರಿಪೇರಿ ಬೆಂಚುಗಳ ಮೇಲೆ ಮರುದಿನವೇ ಬೋರ್ಡುಗಳು ಬಂದು ಕೂರುತ್ತವೆ. ವಿಂಡೋಸ್ ಲೈಸೆನ್ಸ್ ಅಂಟಿಕೊಂಡಿರುವುದು ಡಿಸ್ಕಿಗೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಅಂಟಿಕೊಂಡಿರುವುದು ಆ ಬೋರ್ಡಿಗೆ. ಹಾಗಾಗಿ ಮಲೆನಾಡಿನಲ್ಲಿ ಲೈಸೆನ್ಸ್ ಕೊಳ್ಳುವವರು ರೇಟಿಗಿಂತ ಮೊದಲು ಕೇಳಬೇಕಾದ್ದು ಒಂದೇ: ಬೋರ್ಡ್ ಹೋದರೆ ಇದರ ಗತಿ ಏನು?

ಆಕ್ಟಿವೇಶನ್ ಎಂಬ ಪದ್ಧತಿ ಮನೆಮನೆಗೆ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯಿಂದ. ಯಂತ್ರದ ಹಲವು ಭಾಗಗಳ ಗುರುತನ್ನು ಕೂಡಿಸಿ ಒಂದು ಸಂಖ್ಯೆ ಮಾಡಿ ಮೈಕ್ರೋಸಾಫ್ಟ್‌ಗೆ ಕಳಿಸುವುದು, 30 ದಿನದೊಳಗೆ ಒಪ್ಪಿಗೆ ಪಡೆಯುವುದು. ದೊಡ್ಡ ಕಂಪನಿಗಳಿಗೆ ಹಲವು ಯಂತ್ರಗಳಿಗೆಂದು ಒಟ್ಟಾಗಿ ಕೊಟ್ಟ ವಾಲ್ಯೂಮ್ ಕೀಗೆ (ಕೀ ಎಂದರೆ ಲೈಸೆನ್ಸಿನ ಅಕ್ಷರ-ಅಂಕಿಗಳ ಸಾಲು) ಮಾತ್ರ ಈ ಕಾಟ ಇರಲಿಲ್ಲ. ಅಂಥ ಒಂದು ಕೀ ಸೋರಿ ಊರೂರಿನ ಸಿಡಿಗಳ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆಸಿಕೊಂಡು ಓಡಾಡಿತು. 2002ರ ಸರ್ವಿಸ್ ಪ್ಯಾಕ್ 1 ಅದನ್ನು ತಡೆಯಿತು. ಆ ತೂತನ್ನು ಮುಚ್ಚಲೆಂದೇ ವಿಸ್ಟಾ ಕಾಲದಿಂದ ಕಂಪನಿಗಳಿಗೂ ಆಕ್ಟಿವೇಶನ್ ಬಂತು. ಅದರ ಒಂದು ಬಗೆ ಕೆಎಂಎಸ್, ಅಂದರೆ ಸಂಸ್ಥೆಯೊಳಗಿನ ಒಂದು ಸರ್ವರೇ ಅಲ್ಲಿನ ಕಂಪ್ಯೂಟರುಗಳಿಗೆಲ್ಲ ಒಪ್ಪಿಗೆ ಕೊಡುವುದು. ಇವತ್ತಿನ ಕಳ್ಳ ಆಕ್ಟಿವೇಟರುಗಳಲ್ಲಿ ಬಹುಪಾಲು ಈ ಕೆಎಂಎಸ್‌ನ ವೇಷ ಹಾಕಿಕೊಂಡೇ ಬರುತ್ತವೆ.

2015ರ ವಿಂಡೋಸ್ 10ರಿಂದ ಮನೆ ಬಳಕೆಯವರಿಗೆ ಡಿಜಿಟಲ್ ಲೈಸೆನ್ಸ್ ಬಂತು. ಬೋರ್ಡಿನ ಗುರುತು ಸರ್ವರಿನಲ್ಲಿ ಉಳಿದಿರುತ್ತದೆ. ಅದೇ ಯಂತ್ರವನ್ನು ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಕೀ ಕೇಳಿದ ಕಡೆ ‘ನನ್ನ ಬಳಿ ಕೀ ಇಲ್ಲ’ ಎಂಬ ಆಯ್ಕೆ ಒತ್ತಿ, ಮೊದಲಿದ್ದ ಆವೃತ್ತಿಯನ್ನೇ ಹಾಕಿ, ನೆಟ್ ಕೊಟ್ಟರೆ ತಾನಾಗಿಯೇ ಆಕ್ಟಿವೇಟ್ ಆಗುತ್ತದೆ. ರ‍್ಯಾಮ್ ಹೆಚ್ಚಿಸಿ, ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ಗ್ರಾಫಿಕ್ಸ್ ಕಾರ್ಡ್ ಬದಲಿಸಿ, ಸಾಮಾನ್ಯವಾಗಿ ಚಕಾರ ಎತ್ತುವುದಿಲ್ಲ. ಇಡೀ ಉತ್ಪನ್ನದಲ್ಲಿ ಮನಸಾರೆ ಹೊಗಳಬಹುದಾದ ಭಾಗ ಇದು.

‘ಒರಿಜಿನಲ್’ ಎಂಬ ಒಂದೇ ಮಾತಿನೊಳಗೆ

ಅಂಗಡಿಯವರು ‘ಒರಿಜಿನಲ್ ಸಾರ್’ ಅಂದಾಗ ಅದು ಯಾವ ಒರಿಜಿನಲ್ ಎಂದು ಕೇಳಲೇಬೇಕು. ಬ್ರ್ಯಾಂಡ್ ಲ್ಯಾಪ್‌ಟಾಪಿನ ಜೊತೆ ಬರುವುದು ಒಇಎಂ, ಅಂದರೆ ಯಂತ್ರ ತಯಾರಕರ ಮೂಲಕ ಬರುವ ಲೈಸೆನ್ಸ್. ಅದರ ಕೀ ಬೋರ್ಡಿನ ಬಯಾಸ್ ಚಿಪ್ಪಿನೊಳಗೆ (ಕಂಪ್ಯೂಟರ್ ಏಳುವಾಗ ಮೊದಲು ಓಡುವ ತಂತ್ರಾಂಶ ಇರುವ ಚಿಪ್) ಎಂಎಸ್‌ಡಿಎಂ ಎಂಬ ಕೋಷ್ಟಕದಲ್ಲಿ ಕೂತಿರುತ್ತದೆ. ಅಸೆಂಬಲ್ ಮಾಡುವವರಿಗೆಂದು ಮಾರುವ ಒಇಎಂ ಪ್ಯಾಕ್ ಇನ್ನೊಂದು. ಅದು ಮೊದಲು ಕೂತ ಬೋರ್ಡಿನೊಂದಿಗೇ ಹುಟ್ಟಿ ಅದರೊಂದಿಗೇ ಸಾಯುವಂಥದ್ದು. ಮೂರನೆಯದು ರಿಟೇಲ್, ಬಳಸುವವರೇ ನೇರವಾಗಿ ಕೊಳ್ಳುವಂಥದ್ದು. ಇದೊಂದನ್ನೇ ಒಂದು ಯಂತ್ರದಿಂದ ಬಿಡಿಸಿ ಇನ್ನೊಂದಕ್ಕೆ ಹಾಕಲು ನಿಯಮ ಬಿಡುತ್ತದೆ. ಕಾಲೇಜು, ಬ್ಯಾಂಕುಗಳ ವಾಲ್ಯೂಮ್ ಲೈಸೆನ್ಸ್ ಬಿಡಿಯಾಗಿ ಮಾರಾಟಕ್ಕಿಲ್ಲ. ಯಾರಾದರೂ ಒಂದು ವಾಲ್ಯೂಮ್ ಕೀಯನ್ನು ಚೀಟಿಯಲ್ಲಿ ಬರೆದು ಮಾರಿದರೆ ಅದು ಬೇರೆ ಯಾರದೋ ಸೊತ್ತು.

ನಮ್ಮಲ್ಲಿ ಸಿಗುವ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಾಗಿ ಇರುವುದು ‘ಹೋಮ್ ಸಿಂಗಲ್ ಲ್ಯಾಂಗ್ವೇಜ್’ ಆವೃತ್ತಿ. ಹೆಸರಿಗೆ ತಕ್ಕಂತೆ ಮೆನುಗಳ ಭಾಷೆ ಒಂದೇ. ಇಂಗ್ಲಿಷಿನಲ್ಲಿ ಬಂದದ್ದನ್ನು ಕನ್ನಡಕ್ಕೆ ತಿರುಗಿಸಲು ಅದು ಬಿಡುವುದಿಲ್ಲ. ಕನ್ನಡ ಟೈಪಿಂಗಿಗೆ ಅಡ್ಡಿಯಿಲ್ಲ. ಆದರೂ ಮೆನುವೇ ಕನ್ನಡದಲ್ಲಿರಲಿ ಎನ್ನುವ ಪಂಚಾಯ್ತಿ, ಸೊಸೈಟಿಗಳು ಲ್ಯಾಪ್‌ಟಾಪ್ ಕೊಳ್ಳುವ ಮೊದಲೇ ಆವೃತ್ತಿಯ ಹೆಸರನ್ನು ಓದಿ ನೋಡಬೇಕು.

ಇದೇ ಲ್ಯಾಪ್‌ಟಾಪುಗಳಲ್ಲಿ ಪದೇಪದೇ ಕಾಣುವ ಒಂದು ತಮಾಷೆಯಿದೆ. ಯಂತ್ರ ನಿಧಾನವಾಯಿತೆಂದು ಫಾರ್ಮ್ಯಾಟಿಗೆ ಕೊಟ್ಟರೆ ಹುಡುಗರು ತಮ್ಮ ಪೆನ್‌ಡ್ರೈವಿನಲ್ಲಿರುವ ಪ್ರೊ ಆವೃತ್ತಿಯನ್ನು ಹಾಕಿ, ಅದು ಆಕ್ಟಿವೇಟ್ ಆಗದೆ ಹೋದಾಗ ಕ್ರ್ಯಾಕ್ (ಕಳ್ಳ ಆಕ್ಟಿವೇಟರ್) ಓಡಿಸಿ ಕಳಿಸುತ್ತಾರೆ. ದುಡ್ಡು ಕೊಟ್ಟು ಕೊಂಡ ಹೋಮ್ ಲೈಸೆನ್ಸ್ ಬಯಾಸಿನಲ್ಲಿ ಸುಮ್ಮನೆ ಕೂತಿರುತ್ತದೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತೆ. ಮೈಕ್ರೋಸಾಫ್ಟ್‌ನ ಜಾಲತಾಣದಿಂದಲೇ ಇಳಿಸಿದ, ಕನಿಷ್ಠ 8 ಜಿಬಿಯ ಪೆನ್‌ಡ್ರೈವಿನಿಂದ ಇನ್‌ಸ್ಟಾಲ್ ಶುರು ಮಾಡಿದರೆ ಬಯಾಸಿನ ಕೀಯನ್ನು ಅದೇ ಓದಿಕೊಂಡು, ಸಾಮಾನ್ಯವಾಗಿ ಯಾವ ಆವೃತ್ತಿ ಎಂದು ಕೇಳದೆಯೇ ಮುಂದೆ ಹೋಗುತ್ತದೆ. ಆವೃತ್ತಿಯ ಪಟ್ಟಿ ತೆರೆದುಕೊಂಡು ನಿಂತರೆ ಆಗ ಬಯಾಸಿನಲ್ಲಿ ಕೀ ಇಲ್ಲ ಎಂದು ಅನುಮಾನಪಡಬಹುದು.

ಕೌಂಟರಿನಲ್ಲೇ ನಿಂತು ಮಾಡುವ ಪರೀಕ್ಷೆ

ದುಡ್ಡು ಎಣಿಸುವ ಮೊದಲು ಎರಡು ನಿಮಿಷ ಸಾಕು. ವಿಂಡೋಸ್ ಗುಂಡಿ ಮತ್ತು ಆರ್ ಒಟ್ಟಿಗೆ ಒತ್ತಿ. ಬಂದ ಪುಟ್ಟ ಪೆಟ್ಟಿಗೆಯಲ್ಲಿ ಎಸ್, ಎಲ್, ಎಂ, ಜಿ, ಆರ್ ಎಂಬ ಐದು ಅಕ್ಷರ ಬರೆದು, ಒಂದು ಜಾಗ ಬಿಟ್ಟು, ಮುಂದಕ್ಕೆ ವಾಲಿದ ಗೆರೆ ಹಾಕಿ, ಎಕ್ಸ್, ಪಿ, ಆರ್ ಬರೆದು ಎಂಟರ್ ಕೊಡಿ. ‘ಪರ್ಮನೆಂಟ್ಲಿ ಆಕ್ಟಿವೇಟೆಡ್’ ಎಂದು ಬಂದರೆ ಮುಂದಿನ ಪರೀಕ್ಷೆಗೆ ಹೋಗಿ. ‘ವಾಲ್ಯೂಮ್ ಆಕ್ಟಿವೇಶನ್ ವಿಲ್ ಎಕ್ಸ್‌ಪೈರ್’ ಎಂದು ಆರು ತಿಂಗಳೊಳಗಿನ ಒಂದು ತಾರೀಖು ತೋರಿಸಿದರೆ ಅಲ್ಲಿಗೇ ನಿಲ್ಲಿಸಿ. ಕೆಎಂಎಸ್ ಒಪ್ಪಿಗೆಯ ಆಯಸ್ಸು 180 ದಿನ. ಅದು ಏಳು ದಿನಕ್ಕೊಮ್ಮೆ ತನ್ನ ಸರ್ವರನ್ನು ಹುಡುಕಿ ಅವಧಿ ಹಿಗ್ಗಿಸಿಕೊಳ್ಳುತ್ತದೆ. ನಿಜವಾದ ಕೆಎಂಎಸ್ ಸರ್ವರ್ ಕೆಲಸ ಶುರು ಮಾಡಲು ಕನಿಷ್ಠ 25 ಕಂಪ್ಯೂಟರುಗಳಾದರೂ ಅದರ ಬಳಿ ಬಂದಿರಬೇಕು. ಗಾಂಧಿ ಬಜಾರಿನ ಒಂದೇ ಕಂಪ್ಯೂಟರಿನ ಅಂಗಡಿಗೆ ಕೆಎಂಎಸ್ ಎಲ್ಲಿಂದ ಬರಬೇಕು?

ಎಕ್ಸ್‌ಪಿಆರ್ ಜಾಗದಲ್ಲಿ ಡಿ, ಎಲ್, ಐ ಬರೆದರೆ ಲೈಸೆನ್ಸಿನ ಜಾತಕ ತೆರೆದುಕೊಳ್ಳುತ್ತದೆ. ಡಿಸ್ಕ್ರಿಪ್ಶನ್ ಸಾಲಿನ ಕೊನೆಯಲ್ಲಿ ‘ಒಇಎಂ ಡಿಎಂ ಚಾನೆಲ್’ ಎಂದಿದ್ದರೆ ಬಯಾಸಿನ ಕೀ, ‘ರಿಟೇಲ್ ಚಾನೆಲ್’ ಎಂದಿದ್ದರೆ ರಿಟೇಲ್ ಇಲ್ಲವೇ ಡಿಜಿಟಲ್ ಲೈಸೆನ್ಸ್. ‘ವಾಲ್ಯೂಮ್’ ಎಂದು ಶುರುವಾಗುವ ಏನೇ ಇದ್ದರೂ ನಿಮ್ಮ ಹೆಸರಿನದಲ್ಲ. ಅಲ್ಲೇ ಕೀಯ ಕೊನೆಯ ಐದು ಅಕ್ಷರ ಕಾಣುತ್ತದೆ. ಪ್ರೊದಲ್ಲಿ 3ವಿ66ಟಿ, ಹೋಮ್‌ನಲ್ಲಿ 8ಎಚ್‌ವಿಎಕ್ಸ್7 ಎಂದು ಕಂಡು, ಪಕ್ಕದವರ ಯಂತ್ರದಲ್ಲೂ ಅದೇ ಇರುವುದನ್ನು ನೋಡಿ ಗಾಬರಿಯಾಗುವವರಿದ್ದಾರೆ. ಗಾಬರಿ ಬೇಡ. ಡಿಜಿಟಲ್ ಲೈಸೆನ್ಸ್ ಇರುವ ಯಂತ್ರಗಳಲ್ಲೆಲ್ಲ ಮೈಕ್ರೋಸಾಫ್ಟೇ ಇಡುವ ಸಾಮಾನ್ಯ ಕೀ ಅದು. ಅದರಿಂದ ಅಸಲಿ ಎಂದೂ ಹೇಳಲಾಗದು, ನಕಲಿ ಎಂದೂ ಹೇಳಲಾಗದು.

ಮೂರನೆಯ ಪರೀಕ್ಷೆ ಇವೆರಡಕ್ಕಿಂತ ಮುಖ್ಯ. ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ವಿಭಾಗದ ಮ್ಯಾನೇಜ್ ಸೆಟ್ಟಿಂಗ್ಸ್‌ಗೆ ಹೋಗಿ, ಕೆಳಗಿನ ‘ಎಕ್ಸ್‌ಕ್ಲೂಶನ್ಸ್’ ನೋಡಿ. ಹೊಸ ಕಂಪ್ಯೂಟರಿನಲ್ಲಿ ಆ ಪಟ್ಟಿ ಖಾಲಿ ಇರಬೇಕು. ಯಾವುದಾದರೂ ಫೋಲ್ಡರಿನ ಹೆಸರು ಅಲ್ಲಿ ಕೂತಿದ್ದರೆ ‘ಈ ಕೋಣೆಗೆ ಇಣುಕಬೇಡ’ ಎಂದು ಕಾವಲುಗಾರನಿಗೆ ಯಾರೋ ಹೇಳಿಟ್ಟಿದ್ದಾರೆ ಎಂದರ್ಥ. ಕ್ರ್ಯಾಕ್ ಹಾಕುವವರು ಮೊದಲು ಮಾಡುವ ಕೆಲಸವೇ ಇದು.

ಬೋರ್ಡ್ ಹೋದ ಮೇಲೆ

ಸಿಡಿಲು ಬರುವುದು ಮೆಸ್ಕಾಂ ತಂತಿಯಿಂದ ಮಾತ್ರವಲ್ಲ. ಪ್ಲಗ್ ಕಿತ್ತಿಟ್ಟು ನೆಮ್ಮದಿಯಾಗಿ ಮಲಗಿದವರ ಬೋರ್ಡೂ ಹೋಗುತ್ತದೆ, ಲ್ಯಾನ್ ಕೇಬಲ್ ಕೀಳದಿದ್ದರೆ. ಫೈಬರ್ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ ನಿಜ. ಆದರೆ ಫೈಬರ್ ಡಬ್ಬಿಗೆ ಅಡಾಪ್ಟರಿನಿಂದ ಕರೆಂಟ್ ಬರುತ್ತದೆ, ಅಲ್ಲಿಂದ ಕಂಪ್ಯೂಟರಿಗೆ ಹೋಗುವ ಲ್ಯಾನ್ ತಂತಿ ತಾಮ್ರದ್ದು. ಲ್ಯಾನ್ ಪೋರ್ಟ್ ಒಂದೇ ಸತ್ತಿದ್ದರೆ ಅದೃಷ್ಟ. ಬಯಾಸಿನಲ್ಲಿ ಅದನ್ನು ಡಿಸೇಬಲ್ ಮಾಡಿ ಯುಎಸ್‌ಬಿ ಲ್ಯಾನ್ ಹಾಕಿಕೊಂಡರೆ ಆಕ್ಟಿವೇಶನ್ ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತದೆ. ಇಡೀ ಬೋರ್ಡ್ ಬದಲಾದರೆ ಎಫ್211 ಎಂದೋ ಎಫ್213 ಎಂದೋ ಮುಗಿಯುವ ದೋಷಸಂಖ್ಯೆ ಬರುತ್ತದೆ. ಮೊದಲನೆಯದು ಹಾರ್ಡ್‌ವೇರ್ ಬದಲಾಗಿದೆ ಎನ್ನುತ್ತದೆ, ಎರಡನೆಯದು ಈ ಯಂತ್ರದಲ್ಲಿ ಕೀ ಸಿಗಲಿಲ್ಲ ಎನ್ನುತ್ತದೆ.

ರಿಟೇಲ್ ಇದ್ದವರಿಗೆ ದಾರಿ ಇದೆ, ಮೊದಲೇ ಒಂದು ಕೆಲಸ ಮಾಡಿಟ್ಟಿದ್ದರೆ. ಯಂತ್ರ ಚೆನ್ನಾಗಿರುವಾಗಲೇ ಸೆಟ್ಟಿಂಗ್ಸ್, ಸಿಸ್ಟಂ, ಆಕ್ಟಿವೇಶನ್‌ಗೆ ಹೋಗಿ ನೋಡಿ. ‘ಡಿಜಿಟಲ್ ಲೈಸೆನ್ಸ್ ಲಿಂಕ್ಡ್ ಟು ಯುವರ್ ಮೈಕ್ರೋಸಾಫ್ಟ್ ಅಕೌಂಟ್’ ಎಂಬಷ್ಟು ಪೂರ್ತಿ ವಾಕ್ಯ ಅಲ್ಲಿರಬೇಕು. ಬರೀ ‘ಡಿಜಿಟಲ್ ಲೈಸೆನ್ಸ್’ ಎಂದಿದ್ದರೆ ಖಾತೆಗೆ ಜೋಡಣೆ ಆಗಿಲ್ಲ, ಅಲ್ಲೇ ಇರುವ ‘ಆಡ್ ಅಕೌಂಟ್’ ಒತ್ತಿ ಜೋಡಿಸಬೇಕು. ಹೊಸ ಬೋರ್ಡ್ ಬಂದಮೇಲೆ ಮೊದಲಿದ್ದ ಆವೃತ್ತಿಯನ್ನೇ ಹಾಕಿ, ಅದೇ ಖಾತೆಯಿಂದ ಒಳಹೋಗಿ, ಅದೇ ಪುಟದಲ್ಲಿ ‘ಟ್ರಬಲ್‌ಶೂಟ್’, ಅದರೊಳಗೆ ‘ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದೆ’ ಎಂಬ ಅರ್ಥದ ಸಾಲನ್ನು ಒತ್ತಬೇಕು. ನಿಮ್ಮ ಯಂತ್ರಗಳ ಪಟ್ಟಿ ಬರುತ್ತದೆ. ಸತ್ತ ಯಂತ್ರದ ಹೆಸರನ್ನು ಆರಿಸಿ, ‘ಈಗ ಬಳಸುತ್ತಿರುವುದು ಇದೇ’ ಎಂಬುದಕ್ಕೆ ಗುರುತು ಹಾಕಿ ಆಕ್ಟಿವೇಟ್ ಒತ್ತಿದರೆ ಆಯಿತು. ಆ ಪಟ್ಟಿಯಲ್ಲಿ ಡೆಸ್ಕ್‌ಟಾಪ್ ಎಂಬ ಪದದ ಮುಂದೆ ಅರ್ಥವಿಲ್ಲದ ಅಕ್ಷರಗಳಿರುವ ಹೆಸರುಗಳೇ ಸಾಲಾಗಿ ಬರುತ್ತವೆ. ಆದ್ದರಿಂದ ಯಂತ್ರಕ್ಕೆ ಮೊದಲ ದಿನವೇ ‘ಮಂಡಿ ಕೌಂಟರ್ 1’ ಎಂಬಂಥ ಗುರುತಾಗುವ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಜಾಗ ಬಿಡದೆ ಇಟ್ಟಿರಿ. ಈ ಸ್ಥಳಾಂತರಕ್ಕೆ ಸಲಗಳ ಮಿತಿಯೂ ಇದೆ, ಪ್ರತಿ ಮಳೆಗಾಲಕ್ಕೊಂದು ಬೋರ್ಡ್ ಎಂದರೆ ಒಪ್ಪುವುದಿಲ್ಲ.

ಹೀಗೆ ಆಗದಿದ್ದರೆ 2025ರವರೆಗೆ ಫೋನ್ ದಾರಿ ಇತ್ತು, ಈಗ ಆ ಕೆಲಸ ಮೈಕ್ರೋಸಾಫ್ಟ್‌ನ ಜಾಲತಾಣದ ಮೂಲಕ ನಡೆಯುತ್ತದೆ. ವಿಂಡೋಸ್ ಗುಂಡಿ ಮತ್ತು ಆರ್ ಒತ್ತಿ ಬರುವ ಪೆಟ್ಟಿಗೆಯಲ್ಲಿ ಎಸ್, ಎಲ್, ಯು, ಐ ಬರೆದು ಜಾಗ ಬಿಟ್ಟು 4 ಕೊಟ್ಟರೆ ದೇಶ ಕೇಳಿ, ಒಂಬತ್ತು ಗುಂಪಿನ 63 ಅಂಕಿಗಳ ಇನ್‌ಸ್ಟಾಲೇಶನ್ ಐಡಿ ತೋರಿಸುತ್ತದೆ. ಅದಕ್ಕೆ ಉತ್ತರವಾಗಿ ಎಂಟು ಗುಂಪಿನ 48 ಅಂಕಿ ಬರುತ್ತದೆ. ಮಳೆಯ ಸದ್ದಿನಲ್ಲಿ, ಒಂದೇ ಕಡ್ಡಿ ಸಿಗ್ನಲ್ಲಿನಲ್ಲಿ 63 ಅಂಕಿ ಓದಿ ಹೇಳುವುದು ಇತ್ತಲ್ಲ ಮಾರಾಯ್ರೆ, ಅದೊಂದು ವ್ರತ. ಒಂದು ಅಂಕಿ ತಪ್ಪಿದರೂ ಮೊದಲಿನಿಂದ ಶುರು. ಅಂಕಿಗಳನ್ನು ಕಾಗದದ ಮೇಲೆ ಬರೆದುಕೊಂಡು ಸಿಗ್ನಲ್ ಇರುವ ಗುಡ್ಡದ ಮೇಲಿಂದ ಫೋನ್ ಮಾಡಿದರೂ ನಡೆಯುತ್ತಿತ್ತು. ಅಷ್ಟರೊಳಗೆ ಆ ಕಿಟಕಿಯನ್ನು ಮುಚ್ಚಬಾರದು.

ಒಇಎಂ ಪ್ಯಾಕಿನವರಿಗೆ ಈ ಟ್ರಬಲ್‌ಶೂಟ್ ದಾರಿ ನಂಬಿಕೆಗೆ ಸಾಲದು. ನಿಯಮ ಒಂದಿಷ್ಟು ಕರುಣೆ ತೋರಿಸುತ್ತದೆ: ಬೋರ್ಡ್ ಕೆಟ್ಟಿತೆಂದು ತಯಾರಕರೇ ವಾರಂಟಿಯಲ್ಲಿ ಅದೇ ಮಾದರಿಯ, ಅಥವಾ ಅದಕ್ಕೆ ಸಮನಾದ ಬೋರ್ಡ್ ಕೊಟ್ಟರೆ ಹೊಸ ಲೈಸೆನ್ಸ್ ಬೇಕಿಲ್ಲ. ವಾರಂಟಿ ಮುಗಿದು ಬೇರೆ ಕಂಪನಿಯ ಬೋರ್ಡ್ ಹಾಕಿಸಿದರೆ ಅದನ್ನು ಹೊಸ ಕಂಪ್ಯೂಟರ್ ಎಂದೇ ಲೆಕ್ಕ. ಆದ್ದರಿಂದ ಬಯಲುಸೀಮೆಯಲ್ಲಿ ಉಳಿತಾಯವಾಗುವ ಒಇಎಂ ಪ್ಯಾಕ್ ಆಗುಂಬೆ ಘಟ್ಟದ ಬುಡದಲ್ಲಿ ದುಬಾರಿಯಾಗಿ ಪರಿಣಮಿಸಬಹುದು. ಅಸೆಂಬಲ್ ಕಂಪ್ಯೂಟರಿಗೆ ಮಲೆನಾಡಿನಲ್ಲಿ ರಿಟೇಲ್ ಒಂದೇ ಸರಿ ಎಂಬುದು ಈ ವಿಮರ್ಶೆಯ ಗಟ್ಟಿ ಮಾತು.

ಲ್ಯಾಪ್‌ಟಾಪಿನ ಕತೆ ಬೇರೆ, ಅದರ ಅಪಾಯ ಚಿಪ್ ಲೆವೆಲ್ ರಿಪೇರಿಯಲ್ಲಿದೆ. ಆನ್ ಆಗದ ಬೋರ್ಡಿಗೆ ಬಯಾಸ್ ಮತ್ತೆ ಬರೆಯುವುದು ಸಾಮಾನ್ಯ ಚಿಕಿತ್ಸೆ. ಸಿಎಚ್341ಎ ಎಂಬ ಅಗ್ಗದ ಪ್ರೋಗ್ರಾಮರಿನ ಕ್ಲಿಪ್ಪನ್ನು ಎಂಟು ಕಾಲಿನ ಚಿಪ್ಪಿಗೆ ಕಚ್ಚಿಸಿ, ಅದೇ ಮಾದರಿಯ ಬೇರೆ ಯಾವುದೋ ಲ್ಯಾಪ್‌ಟಾಪಿನ ಬಯಾಸ್ ಫೈಲನ್ನು ತುಂಬುತ್ತಾರೆ. ಲ್ಯಾಪ್‌ಟಾಪ್ ಎದ್ದು ಕೂರುತ್ತದೆ, ಆದರೆ ಅದರ ಸೀರಿಯಲ್ ನಂಬರ್, ಗುರುತಿನ ಸಂಖ್ಯೆ, ವಿಂಡೋಸ್ ಕೀ ಮೂರೂ ಅಳಿದಿರುತ್ತವೆ. ಇಲ್ಲವೇ ಕಂಡು ಕೇಳದ ಊರಿನ ಯಾರದೋ ಕೀ ಬಂದು ಕೂತಿರುತ್ತದೆ. ಇದಕ್ಕೆ ಮದ್ದು ಒಂದೇ: ಬರೆಯುವ ಮೊದಲು ಹಳೆಯ ಚಿಪ್ಪನ್ನು ಎರಡು ಸಲ ಓದಿ, ಎರಡು ಫೈಲೂ ತಾಳೆಯಾದರೆ ಉಳಿಸಿಟ್ಟು, ಆಮೇಲೆ ಮುಂದುವರಿಯುವುದು. ಹಳೆಯ ಫೈಲಿನಿಂದ ಆ ಮೂರು ವಿವರಗಳನ್ನು ಹೊಸದಕ್ಕೆ ಸಾಗಿಸಲು ಗೊತ್ತಿರುವವರಿಗೆ ಸಾಧ್ಯ. ರಿಪೇರಿಗೆ ಕೊಡುವಾಗ ‘ಹಳೇ ಬಯಾಸ್ ಫೈಲ್ ಇಟ್ಕೊಳಿ, ನಂಗೂ ಒಂದು ಕಾಪಿ ಕೊಡಿ’ ಎಂದು ಬಾಯಿಬಿಟ್ಟು ಹೇಳಿ. ಬ್ರ್ಯಾಂಡಿನ ಸರ್ವಿಸ್ ಸೆಂಟರಿನಲ್ಲಿ ಬೋರ್ಡ್ ಬದಲಿಸಿದರೆ ಕೀ ತುಂಬಿಸಿಕೊಡುವುದು ಅವರ ಹೊಣೆ. ಯಂತ್ರವನ್ನು ಕೈಗೆ ತೆಗೆದುಕೊಳ್ಳುವ ಮೊದಲು ಮೇಲೆ ಹೇಳಿದ ಡಿಎಲ್‌ಐ ಪರೀಕ್ಷೆ ಅಲ್ಲೇ ಮಾಡಿ.

ಇನ್ನೊಂದು ಬಲೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್. 24ಎಚ್2 ಆವೃತ್ತಿಯಿಂದೀಚೆಗೆ ಹೊಸದಾಗಿ ಹಾಕಿದ ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದರೆ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ. ಬೀಗದ ಒಂದು ಭಾಗ ಬೋರ್ಡಿನ ಟಿಪಿಎಂ ಎಂಬ ಭದ್ರತಾ ಭಾಗದಲ್ಲಿರುತ್ತದೆ. ಬೋರ್ಡ್ ಸುಟ್ಟು, ಎಸ್‌ಎಸ್‌ಡಿ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದು ಇರುವುದು ಮೊದಲು ಒಳಹೋದ ಖಾತೆಯಲ್ಲಿ. ಲ್ಯಾಪ್‌ಟಾಪ್ ‘ಸೆಟ್’ ಮಾಡಿಕೊಟ್ಟ ಹುಡುಗ ತನ್ನದೇ ಖಾತೆ ಹಾಕಿದ್ದರೆ ಕೀ ಅವನ ಬಳಿ. ಅವನು ಊರು ಬಿಟ್ಟಿದ್ದರೆ ರಾಶಿ, ಬೆಟ್ಟೆ, ಗೊರಬಲು ಅಡಿಕೆಯ ಇಡೀ ಸೀಸನ್ನಿನ ಲೆಕ್ಕ ಅವನ ಹಿಂದೆಯೇ ಹೋಯಿತು. ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗದಲ್ಲಿ ‘ಡಿವೈಸ್ ಎನ್‌ಕ್ರಿಪ್ಶನ್’ ಆನ್ ಇದೆಯೇ ನೋಡಿ. ಇದ್ದರೆ ಖಾತೆಯ ಪುಟದಿಂದ ಆ ಕೀ ತೆಗೆದು, ಪ್ರಿಂಟ್ ಮಾಡಿ, ಪಹಣಿ, ಪಾಸ್‌ಬುಕ್ ಇಡುವ ಬೀರುವಿನಲ್ಲಿಡಿ. ಕಂಪ್ಯೂಟರಿನ ಚೀಲದಲ್ಲಿಡಬೇಡಿ.

ಮಂಡಿಯವರಿಗೆ ಪಕ್ಕದಲ್ಲೇ ಒಂದು ಮಾತು. ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ಪ್ರೈಮ್‌ನ ಲೈಸೆನ್ಸೂ ಯಂತ್ರಕ್ಕೆ ಅಂಟುವಂಥದ್ದೇ. ಫಾರ್ಮ್ಯಾಟಿಗೆ ಮೊದಲು ಎಫ್1, ಸೆಟ್ಟಿಂಗ್ಸ್, ಲೈಸೆನ್ಸ್, ಸರೆಂಡರ್ ಮಾಡಬೇಕು. ಯಂತ್ರವೇ ಸತ್ತಿದ್ದರೆ ನೋಂದಾಯಿಸಿದ ಇಮೇಲ್ ಒಂದೇ ಆಧಾರ. ಅದು ಹಳೆಯ ರೈಟರದ್ದೋ ಮಾರಿದವರದ್ದೋ ಆಗಿದ್ದರೆ ಈಗಲೇ ಬದಲಿಸಿ. ಲೈಸೆನ್ಸ್ ತಪ್ಪಿ ಎಜುಕೇಶನಲ್ ಮೋಡ್‌ಗೆ ಬಿದ್ದರೆ ತಿಂಗಳ 1, 2 ಮತ್ತು 31ನೇ ತಾರೀಖುಗಳ ಎಂಟ್ರಿ ಬಿಟ್ಟು ಬೇರೇನೂ ಹಾಕಲಾಗದು.

ನೆಟ್ ಇಲ್ಲದ ಊರಿನಲ್ಲಿ

ಹೊಸ ಲ್ಯಾಪ್‌ಟಾಪ್ ಮೊದಲ ಸಲ ಆನ್ ಮಾಡಿದಾಗ ನೆಟ್ ಇಲ್ಲದಿದ್ದರೆ ಹೋಮ್ ಆವೃತ್ತಿ ಮುಂದಕ್ಕೇ ಹೋಗುವುದಿಲ್ಲ. ಹೊಸನಗರದ ಒಳಹಳ್ಳಿಯಲ್ಲಿ ಪೆಟ್ಟಿಗೆ ಬಿಚ್ಚಿ ಕೂತವರಿಗೆ ಇದು ಶುದ್ಧ ಕಿರಿಕಿರಿ. ಪೇಟೆಯಲ್ಲೇ, ಅಂಗಡಿಯ ನೆಟ್‌ನಲ್ಲಿ, ನಿಮ್ಮದೇ ಖಾತೆ ಹಾಕಿ ಮುಗಿಸಿಕೊಂಡು ಬರುವುದು ಜಾಣತನ. ಫಾರ್ಮ್ಯಾಟ್ ಮಾಡಿದ ಮೇಲೆ ವೈಫೈ ಡ್ರೈವರ್ ಇಲ್ಲದೆ ಸಿಕ್ಕಿಹಾಕಿಕೊಂಡರೆ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಅದಕ್ಕೆ ಬೇಕಾದ ಡ್ರೈವರ್ ವಿಂಡೋಸಿನಲ್ಲೇ ಇರುತ್ತದೆ. ಒಳಹೋದ ಕೂಡಲೇ ಆ ಸಂಪರ್ಕವನ್ನು ‘ಮೀಟರ್ಡ್’ (ಮಿತ ಡೇಟಾ) ಎಂದು ಗುರುತು ಮಾಡದಿದ್ದರೆ ಅಪ್‌ಡೇಟುಗಳು ಆ ದಿನದ ಡೇಟಾವನ್ನೆಲ್ಲ ನುಂಗುತ್ತವೆ.

ನೆಟ್ ಚೆನ್ನಾಗಿದ್ದೂ ಆಕ್ಟಿವೇಶನ್ ಆಗುತ್ತಿಲ್ಲ, 2ಎಫ್8ಎಫ್ ಎಂದು ಮುಗಿಯುವ ದೋಷ ಬರುತ್ತಿದೆ ಎಂದರೆ ಕೆಳಮೂಲೆಯ ತಾರೀಖು ನೋಡಿ. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟಿಲ್ಲದೆ ಕೂತ ಹಳೆಯ ಡೆಸ್ಕ್‌ಟಾಪಿನ ಸಿಆರ್2032 ಸೆಲ್ ಸತ್ತು, ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ತಾರೀಖು ತಪ್ಪಿದ್ದರೆ ಸುರಕ್ಷಿತ ಸಂಪರ್ಕವೇ ಏರ್ಪಡುವುದಿಲ್ಲ. ಸೆಲ್ ಬದಲಿಸಿ, ಗಡಿಯಾರ ಸರಿಮಾಡಿ, ಮತ್ತೆ ಪ್ರಯತ್ನಿಸಿ. ಲೈಸೆನ್ಸೇ ಹೋಯಿತೆಂದು ಹೊಸ ಕೀ ಕೊಳ್ಳಲು ಓಡಬೇಡಿ.

ಅಗ್ಗದ ಕೀ, ಪುಕ್ಕಟೆ ಕ್ರ್ಯಾಕ್

ಆನ್‌ಲೈನಿನಲ್ಲಿ ಕೆಲವೇ ನೂರು ರೂಪಾಯಿಗೆ ‘ಲೈಫ್‌ಟೈಮ್’ ಎಂದು ಮಾರುವ ಕೀಗಳಲ್ಲಿ ಹಲವು ಯಾವುದೋ ಸಂಸ್ಥೆಯ ವಾಲ್ಯೂಮ್ ಕೀಗಳು ಅಥವಾ ಗುಜರಿಗೆ ಹೋದ ಯಂತ್ರಗಳ ಒಇಎಂ ಕೀಗಳು. ಮೊದಲ ದಿನ ಆಕ್ಟಿವೇಟ್ ಆಗುತ್ತವೆ, ಅದೇ ಅವುಗಳ ಜಾಹೀರಾತು. ಮೈಕ್ರೋಸಾಫ್ಟ್ ಕೀಯನ್ನು ತಡೆದರೆ ಸಿ003, ಮಿತಿ ಮೀರಿ ಬಳಸಿದ್ದರೆ ಸಿ008 ಎಂದು ಮುಗಿಯುವ ದೋಷ ಬರುತ್ತದೆ. ಆ ಹೊತ್ತಿಗೆ ಮಾರಿದವನ ಪುಟವೇ ಇರುವುದಿಲ್ಲ. ಜಿಎಸ್‌ಟಿ ಬಿಲ್ ಕೊಡದ ಕೀಯನ್ನು ಮುಟ್ಟಬೇಡಿ.

ಕ್ರ್ಯಾಕ್ ಇನ್ನೂ ಕೆಟ್ಟದ್ದು, ಕಾನೂನಿಗಿಂತ ಮೊದಲು ಗೌಪ್ಯತೆಯ ಕಾರಣಕ್ಕೆ. ‘ಮೈಕ್ರೋಸಾಫ್ಟ್ ನಮ್ಮ ಮಾಹಿತಿ ಕದಿಯುತ್ತೆ, ಅದಕ್ಕೇ ಕ್ರ್ಯಾಕ್ ಹಾಕೋದು’ ಎಂದು ವಾದಿಸುವವರೂ ಇದ್ದಾರೆ. ಕ್ರ್ಯಾಕ್ ಹಾಕಲು ಆಂಟಿವೈರಸ್ ಆಫ್ ಮಾಡಿ, ಅಡ್ಮಿನಿಸ್ಟ್ರೇಟರ್ ಅಧಿಕಾರವನ್ನು ಹೆಸರು ಗೊತ್ತಿಲ್ಲದವರ ಫೈಲಿಗೆ ಕೊಡಬೇಕು. 2021ರ ಡಿಸೆಂಬರಿನಲ್ಲಿ ರೆಡ್ ಕ್ಯಾನರಿ ಎಂಬ ಭದ್ರತಾ ಸಂಸ್ಥೆ ಬಯಲು ಮಾಡಿದಂತೆ, ಕೆಎಂಎಸ್‌ಪಿಕೊ ಎಂಬ ಪ್ರಸಿದ್ಧ ಆಕ್ಟಿವೇಟರಿನ ಹೆಸರಿನಲ್ಲಿ ಹರಿದಾಡಿದ ಇನ್‌ಸ್ಟಾಲರಿನೊಳಗೆ ಕ್ರಿಪ್ಟ್‌ಬಾಟ್ ಎಂಬ ಕಳ್ಳ ತಂತ್ರಾಂಶ ಇತ್ತು. ಬ್ರೌಸರಿನಲ್ಲಿ ಉಳಿಸಿದ ಮಾಹಿತಿ, ಕ್ರಿಪ್ಟೋ ವಾಲೆಟ್ಟುಗಳನ್ನು ದೋಚುವುದು ಅದರ ಕೆಲಸ. ಆಕ್ಟಿವೇಶನ್ ಮಾತ್ರ ಸರಿಯಾಗಿಯೇ ಆಗುತ್ತಿತ್ತು, ಹಾಗಾಗಿ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಸೈಬರ್ ಸೆಂಟರ್, ಗ್ರಾಮ ಒನ್, ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಹೀಗಾದರೆ ಹೋಗುವುದು ಅಂಗಡಿಯವರ ಗುಟ್ಟು ಮಾತ್ರವಲ್ಲ, ಊರವರ ಆಧಾರ್, ಪಹಣಿ, ಬ್ಯಾಂಕ್ ಖಾತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಬೇರೆಯವರ ಮಾಹಿತಿಗೆ ತಕ್ಕ ರಕ್ಷಣೆ ಕೊಡದವರಿಗೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮು ಗೊತ್ತಿದ್ದೂ ನಕಲಿ ತಂತ್ರಾಂಶ ಬಳಸಿದವರಿಗೆ 7 ದಿನದಿಂದ 3 ವರ್ಷದವರೆಗೆ ಸೆರೆ, 50,000ದಿಂದ 2 ಲಕ್ಷ ರೂಪಾಯಿ ದಂಡ ಹೇಳುತ್ತದೆ. ವ್ಯಾಪಾರದ ಲಾಭಕ್ಕಲ್ಲದ ಬಳಕೆಗೆ ಸೆರೆ ಬಿಟ್ಟು ದಂಡ ಮಾತ್ರ ಹಾಕಲು ನ್ಯಾಯಾಲಯಕ್ಕೆ ಅವಕಾಶವಿದೆ.

ಕೈಯಲ್ಲಿ ದುಡ್ಡಿಲ್ಲದಿದ್ದರೆ? ಆಕ್ಟಿವೇಟ್ ಆಗದ ವಿಂಡೋಸ್ ಬಲಗಡೆ ಕೆಳಗೆ ಒಂದು ಮಸುಕು ಬರಹ ತೋರಿಸುತ್ತದೆ, ವಾಲ್‌ಪೇಪರ್, ಬಣ್ಣದ ಸೆಟ್ಟಿಂಗುಗಳನ್ನು ಮುಚ್ಚುತ್ತದೆ. ಭದ್ರತಾ ಅಪ್‌ಡೇಟುಗಳು ಬರುತ್ತಲೇ ಇರುತ್ತವೆ. ಹಾಗೆಯೇ ಬಳಸುತ್ತಾ ಇರುವುದು ಲೈಸೆನ್ಸ್ ಕರಾರಿಗೆ ಒಪ್ಪುವಂಥದ್ದಲ್ಲ. ಆದರೆ ಲೈಸೆನ್ಸ್ ಬರುವವರೆಗಿನ ನಾಲ್ಕು ದಿನಕ್ಕೆ ಆ ಮಸುಕು ಬರಹ ಕ್ರ್ಯಾಕಿಗಿಂತ ಸಾವಿರ ಪಾಲು ಮೇಲು.

ಗೌಪ್ಯತೆಯ ಲೆಕ್ಕ

ಆಕ್ಟಿವೇಶನ್ ಒಂದನ್ನೇ ನೋಡಿದರೆ ಅದು ಕಳಿಸುವುದು ಕೀ ಮತ್ತು ಯಂತ್ರ, ತಂತ್ರಾಂಶದ ವಿವರ. ಫೈಲುಗಳ ಹೆಸರು, ಲೆಕ್ಕಪತ್ರ ಅದರಲ್ಲಿಲ್ಲ. ಅಷ್ಟಕ್ಕೆ ತಕರಾರು ಬೇಕಿಲ್ಲ. ತಕರಾರು ಇರುವುದು ಖಾತೆಯ ಬಗ್ಗೆ. ಬೋರ್ಡ್ ಸುಟ್ಟರೆ ಲೈಸೆನ್ಸ್ ಉಳಿಯಬೇಕೆಂದರೆ ಖಾತೆ ಬೇಕು, ಖಾತೆ ಬಂದರೆ ಅದರ ಬಾಲ ಹಿಡಿದು ಮೈಕ್ರೋಸಾಫ್ಟ್ ಸರ್ವರಿನಲ್ಲಿ ಫೈಲು ಇಡುವ ಒನ್‌ಡ್ರೈವ್, ಜಾಹೀರಾತು ಗುರುತು, ರಿಕವರಿ ಕೀ ಎಲ್ಲ ಬರುತ್ತವೆ. ಒನ್‌ಡ್ರೈವ್ ಬ್ಯಾಕಪ್ ಆನ್ ಇದ್ದರೆ ಡೆಸ್ಕ್‌ಟಾಪ್ ಮೇಲೆ ಸ್ಕ್ಯಾನ್ ಮಾಡಿಟ್ಟ ಗ್ರಾಹಕರ ಆಧಾರ್ ಪ್ರತಿಗಳು ಮಾಲೀಕರ ಖಾಸಗಿ ಖಾತೆಗೆ ಏರಿ ಕೂರುತ್ತವೆ. ಪುಕ್ಕಟೆಯ 5 ಜಿಬಿ ತುಂಬಿದ ಮೇಲೆ ದುಡ್ಡು ಕೇಳುವ ಕಿರುಕುಳ ಬೇರೆ.

ಇದಕ್ಕೊಂದು ನಡುದಾರಿ ಇದೆ. ಅಂಗಡಿಗೆಂದೇ ಬೇರೆ ಖಾತೆ ತೆರೆಯಿರಿ, ಅದಕ್ಕೆ ಮಾಲೀಕರ ಫೋನ್ ನಂಬರ್ ಕೊಡಿ. ಲೈಸೆನ್ಸ್ ಆ ಖಾತೆಗೆ ಜೋಡಣೆಯಾಗಿದೆ ಎಂಬ ವಾಕ್ಯ ಕಂಡಮೇಲೆ, ರಿಕವರಿ ಕೀ ಪ್ರಿಂಟಾದ ಮೇಲೆ, ಅಕೌಂಟ್ಸ್ ವಿಭಾಗದ ‘ಯುವರ್ ಇನ್ಫೋ’ದಲ್ಲಿ ಲೋಕಲ್ ಖಾತೆಗೆ ಬದಲಾಗಿ. ಜೋಡಣೆ ಉಳಿಯುತ್ತದೆ, ದಿನನಿತ್ಯದ ಓಡಾಟ ಲೋಕಲ್ ಖಾತೆಯಲ್ಲಿ ನಡೆಯುತ್ತದೆ. ಆಮೇಲೆ ಒನ್‌ಡ್ರೈವ್ ಬ್ಯಾಕಪ್ ನಿಲ್ಲಿಸಿ, ಪ್ರೈವಸಿ ವಿಭಾಗದ ಡಯಾಗ್ನಾಸ್ಟಿಕ್ಸ್‌ನಲ್ಲಿ ‘ಆಪ್ಶನಲ್’ ಮಾಹಿತಿ ಕಳಿಸುವುದನ್ನು ಆಫ್ ಮಾಡಿ, ಅಲ್ಲೇ ಇರುವ ಡಿಲೀಟ್ ಗುಂಡಿ ಒತ್ತಿ, ಜಾಹೀರಾತು ಗುರುತನ್ನೂ ಆಫ್ ಮಾಡಿ. ‘ರಿಕ್ವೈರ್ಡ್’ ಎಂಬ ಭಾಗವನ್ನು ಹೋಮ್‌ನಲ್ಲೂ ಪ್ರೊದಲ್ಲೂ ನಿಲ್ಲಿಸಲು ಬರುವುದಿಲ್ಲ. ದುಡ್ಡು ಕೊಟ್ಟು ಪ್ರೊ ಕೊಂಡವರಿಗಾದರೂ ಆ ಆಯ್ಕೆ ಕೊಡಬಹುದಿತ್ತು. ಈ ವಿಷಯದಲ್ಲಿ ಮೈಕ್ರೋಸಾಫ್ಟ್‌ಗೆ ಪಾಸ್ ಮಾರ್ಕು ಕೊಡಲು ಮನಸ್ಸು ಬರುವುದಿಲ್ಲ.

ಹೋಮ್ ಸಾಕೋ ಪ್ರೊ ಬೇಕೋ ಎಂದರೆ, ದೂರದಿಂದ ಆ ಕಂಪ್ಯೂಟರಿಗೆ ರಿಮೋಟ್ ಡೆಸ್ಕ್‌ಟಾಪ್ ಹಾಕಿ ಕೂರುವ ಅಗತ್ಯ ಇಲ್ಲದವರಿಗೆ ಹೋಮ್ ಸಾಕು. ಉಳಿದ ದುಡ್ಡಿಗೆ ಒಳ್ಳೆಯ ಅರ್ಥಿಂಗ್ ಮಾಡಿಸಿ, ಅದು ಲೈಸೆನ್ಸಿಗೂ ವಿಮೆ.

2017ಕ್ಕಿಂತ ಹಿಂದಿನ ಪ್ರೊಸೆಸರಿನ ಕಂಪ್ಯೂಟರುಗಳು ಮಂಡಿ, ಸೊಸೈಟಿಗಳಲ್ಲಿ ಇನ್ನೂ ಬೇಕಾದಷ್ಟಿವೆ. ವಿಂಡೋಸ್ 11 ಕೇಳುವ ಟಿಪಿಎಂ 2.0 ಮತ್ತು ಪ್ರೊಸೆಸರ್ ಪಟ್ಟಿಗೆ ಅವು ಹೊಂದುವುದಿಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆ ಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಪಡೆಯುವ ಯೋಜನೆ ಬಂತು. ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ಪುಕ್ಕಟೆ, ಇಲ್ಲದಿದ್ದರೆ 1,000 ರಿವಾರ್ಡ್ಸ್ ಪಾಯಿಂಟು ಅಥವಾ 30 ಡಾಲರ್. ದುಡ್ಡು ಕೊಟ್ಟರೂ ಮೈಕ್ರೋಸಾಫ್ಟ್ ಖಾತೆಯಿಂದಲೇ ನೋಂದಾಯಿಸಬೇಕು. ಕ್ರ್ಯಾಕ್ ಹಾಕಿದ ಹಳೆಯ ಯಂತ್ರವನ್ನು ಆ ಯೋಜನೆಗೆ ಸೇರಿಸುವ ಮೊದಲು ಡಿಸ್ಕ್ ಪೂರ್ತಿ ಅಳಿಸಿ ಹೊಸದಾಗಿ ಹಾಕಿ. ಎಕ್ಸ್‌ಕ್ಲೂಶನ್ಸ್ ಪಟ್ಟಿಯಲ್ಲಿ ಕೂತ ಫೋಲ್ಡರನ್ನು ಮಾತ್ರ ಅಳಿಸಿದರೆ ಕ್ರ್ಯಾಕ್ ಹೋದಂತಲ್ಲ, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಟಾಸ್ಕ್ ಶೆಡ್ಯೂಲರಿನಲ್ಲಿ ಅದರ ಬೇರು ಉಳಿದು ಮುಂದಿನ ಸಲ ಆನ್ ಮಾಡಿದಾಗ ಮತ್ತೆ ಚಿಗುರುತ್ತದೆ.